ಎಡಗಡೆಯ ಹಿಂದಿನ ಲೈಟು

ಅರಸೀಕೆರೆ
ಸೋಮವಾರ, ೧೭ ನವೆಂಬರ್ ೨೦೨೫

ಬೇಲೂರಿನಲ್ಲಿ ವಿರಾಜಮಾನರಾಗಿರುವ, ಕಲ್ಲಿನ ಹೆಂಗಸರ ಕೈಬಳೆಯ ಕೆತ್ತನೆಯನ್ನು ಗಂಟೆಗಟ್ಟಲೆ ವಿವರಿಸಬಲ್ಲ, ಆದರೆ ಸ್ವಂತ ಹೆಂಡತಿಯ ಫೋನ್ ಎತ್ತಲಾರದ ಪ್ರವಾಸಿ ಗೈಡ್ ಶ್ರೀ ಉದಯಕುಮಾರ್ ಅವರ ಸನ್ನಿಧಾನಕ್ಕೆ ಪ್ರತಿಮಾ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನಿಮ್ಮ ಅಮ್ಮ ನನಗಿಂತ ಚೆನ್ನಾಗಿದ್ದಾರೆ. ಗಾಡಿ ನಮ್ಮಿಬ್ಬರಿಗಿಂತ ಚೆನ್ನಾಗಿದೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು.

ಶುಕ್ರವಾರ ಚಿಕ್ಕಮಗಳೂರಿನವರೊಬ್ಬರನ್ನು ಕರೆದುಕೊಂಡು ಬಂದು ಗಾಡಿ ತೋರಿಸುತ್ತೇನೆ, ಒಪ್ಪಿದರೆ ಅಂದೇ ಕೊಟ್ಟುಬಿಡುತ್ತೇನೆ ಎಂದು ನಿಮ್ಮಮ್ಮನ ಫೋನಿಗೆ ಅಪ್ಪಣೆಯಾಯಿತು. ಅವರು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದರಿಂದ ನನಗೂ, ಎದುರು ಮನೆಯವರಿಗೂ, ಮೊಸರಿನವಳಿಗೂ ಏಕಕಾಲದಲ್ಲಿ ತಿಳಿಯಿತು. ಗಾಡಿ ನಿಮ್ಮ ಹೆಸರಿನಲ್ಲಿದೆ, ಮಾರುವ ಹಕ್ಕು ನಿಮ್ಮದು. ಬಾಡಿಗೆಗೆ ಓಡಿಸುವ ಅಭ್ಯಾಸ ಮಾತ್ರ ನನ್ನದು. ಆ ಫೋನ್ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ರೈಲ್ವೆ ಸ್ಟೇಷನ್ನಿನಲ್ಲಿ ಹಳೇಬೀಡಿಗೆಂದು ಹತ್ತಿದವರನ್ನು ತಿಪಟೂರು ರಸ್ತೆಗೆ ತಿರುಗಿಸಿದೆ, ಅವರೇ ಮೊಬೈಲಿನಲ್ಲಿ ದಾರಿ ನೋಡಿಕೊಂಡು ನನ್ನನ್ನು ವಾಪಸು ಕರೆತಂದರು. ಅದಕ್ಕೇ ಈ ಕಾಗದ. ಕಾಗದವನ್ನಾದರೂ ನೀವು ಕಟ್ ಮಾಡುವಂತಿಲ್ಲ.

ನಿಮಗೆ ಇತಿಹಾಸ ಹೊಯ್ಸಳರಿಂದ ಶುರುವಾಗಿ ಅವರಲ್ಲೇ ಮುಗಿಯುತ್ತದೆ. ಇವತ್ತು ಸ್ವಲ್ಪ ಹೊತ್ತು ನಾನು ಗೈಡು, ನೀವು ಪ್ರವಾಸಿ. ಚಪ್ಪಲಿ ಹೊರಗೆ ಬಿಟ್ಟು ಹಿಂದೆ ಬನ್ನಿ, ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಳ್ಳಿ.

ತಾವು ಮಾರಲು ಹೊರಟಿರುವ ಟವೇರಾದ ಮೂಲಪುರುಷ ಲೂಯಿ ಶೆವರ್ಲೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ರೇಸಿನಲ್ಲಿ ಕಾರು ಓಡಿಸುತ್ತಿದ್ದ ದಪ್ಪ ಮೀಸೆಯ ಆಸಾಮಿ. ಡ್ಯುರಾಂಟ್ ಎಂಬ ಚಾಣಾಕ್ಷ ವ್ಯಾಪಾರಿ ೧೯೧೧ರಲ್ಲಿ ಅವನನ್ನು ಜೊತೆಗೆ ಸೇರಿಸಿಕೊಂಡು, ಅವನದೇ ಹೆಸರಿಟ್ಟು ಕಂಪನಿ ಕಟ್ಟಿದ. ಕೆಲವೇ ವರ್ಷಗಳಲ್ಲಿ ಇಬ್ಬರಿಗೂ ಬಿತ್ತು ಜಗಳ. ದೊಡ್ಡ ಕಂಪನಿಯ ಯಜಮಾನ ಸಿಗರೇಟು ಬಿಟ್ಟು ಗೌರವವಾಗಿ ಚುಟ್ಟಾ ಸೇದಬೇಕು ಅಂತ ಡ್ಯುರಾಂಟ್ ಹೇಳಿದನಂತೆ. ಗಾಡಿ ಮಾರಿದೆ, ಹೆಸರು ಮಾರಿದೆ, ನನ್ನನ್ನೇ ಮಾರಿಕೊಳ್ಳಲಾರೆ ಅಂತ ಶೆವರ್ಲೆ ಎದ್ದು ಹೋದನಂತೆ. ಹೋದವನು ಹೋದ, ಹೆಸರು ಗಾಡಿಯ ಮೇಲೇ ಉಳಿಯಿತು. ಲೋಕವೆಲ್ಲ ಆ ಹೆಸರಿನ ಗಾಡಿಗಳು ಓಡಿದವು. ಅವನ ಕೈಯಲ್ಲಿ ಮಾತ್ರ ಕೊನೆಗೆ ಹೆಚ್ಚೇನೂ ಉಳಿಯಲಿಲ್ಲ. ನಮ್ಮ ಗಾಡಿಯ ಹಿಂದಿನ ಗಾಜಿನ ಮೇಲೂ ‘ಉದಯ’ ಎಂದು ಹೂಬಳ್ಳಿಯ ನಡುವೆ ನೀವೇ ಬರೆಸಿದ್ದೀರಿ. ಎದ್ದು ಹೋದವರ ಹೆಸರು ಹೊತ್ತು ತಿರುಗುವುದು ಈ ವಂಶದ ಹಣೆಬರಹವೆಂದು ಕಾಣುತ್ತದೆ.

ಮುಂದೆ ಬನ್ನಿ. ಮೂತಿಯ ಮೇಲಿರುವ ಹೊಂಬಣ್ಣದ ಗುರುತನ್ನು ಗಮನಿಸಿ. ಪ್ಯಾರಿಸ್ಸಿನ ಹೋಟೆಲಿನ ಗೋಡೆಗೆ ಅಂಟಿಸಿದ್ದ ಕಾಗದದಲ್ಲಿ ಅದನ್ನು ಕಂಡೆ ಎಂದು ಡ್ಯುರಾಂಟ್ ಹೇಳಿಕೊಂಡನಂತೆ. ಇಲ್ಲ, ಯಾವುದೋ ಪತ್ರಿಕೆಯ ಜಾಹೀರಾತಿನಲ್ಲಿ ಕಂಡಿದ್ದು ಎಂದು ಅವನ ಹೆಂಡತಿ ಹೇಳಿದಳಂತೆ. ಅಷ್ಟು ದೊಡ್ಡ ಮನೆಯಲ್ಲೂ ಗಂಡನದೊಂದು ಇತಿಹಾಸ, ಹೆಂಡತಿಯದೊಂದು. ನಿಮ್ಮಮ್ಮ ಮಾತ್ರ ಅದು ಅಮ್ಮನವರ ಪದಕ ಎಂದು ತೀರ್ಮಾನಿಸಿ ದಿನವೂ ಕುಂಕುಮ ಇಡುತ್ತಾರೆ.

ಆ ಕಂಪನಿ ೨೦೧೭ರ ಕೊನೆಗೆ ನಮ್ಮ ದೇಶದಲ್ಲಿ ಗಾಡಿ ಮಾರುವುದನ್ನು ನಿಲ್ಲಿಸಿತು. ಅಂದಿನಿಂದ ನಿಮಗೆ ಒಂದೇ ಚಿಂತೆ: ತವರಿಲ್ಲದ ಸೊಸೆಯನ್ನು ಸಾಕುವುದು ಹೇಗೆ? ನಾನು ಸಾಕಿದೆ. ಚಿಕ್ಕಪುಟ್ಟದ್ದನ್ನೆಲ್ಲ ಅಲ್ಲಿ ಇಲ್ಲಿ ಕೇಳಿ ತರಿಸಿದೆ. ಕಿಟಕಿ ಏರಿಸುವ ಹಿಡಿ ದಾವಣಗೆರೆಯಿಂದ ಬಂತು, ಕನ್ನಡಿ ಮೈಸೂರಿನಿಂದ ಬಂತು. ಗುರುತಿಲ್ಲದ ಟವೇರಾದವರು ರಸ್ತೆಯಲ್ಲಿ ಎದುರಾದರೆ ಹಾರ್ನ್ ಹೊಡೆದು ನಿಲ್ಲಿಸಿ, ಯಾವ ಊರಿನಲ್ಲಿ ಯಾವ ಸಾಮಾನು ಸಿಗುತ್ತದೆಂದು ನೆಂಟರ ಸುದ್ದಿ ವಿಚಾರಿಸಿದಂತೆ ವಿಚಾರಿಸುತ್ತೇವೆ. ನಮ್ಮದೊಂದು ಜಾತಿಯೇ ಆಗಿಬಿಟ್ಟಿದೆ ಕಣ್ರೀ.

ನಿಮಗೆ ನೋವಾಗಿದ್ದು ಗಾಡಿಯಿಂದಲ್ಲ ಅಂತ ನನಗೆ ಗೊತ್ತು. ಅಂದು ಹಳೇಬೀಡು ದಾಟಿದ ಮೇಲೆ ಇಲಿ ಕಡಿದ ವೈರಿನಿಂದಾಗಿ ಗಾಡಿ ನಿಂತಿತು. ಇಲಿಯ ಹಲ್ಲಿಗೆ ಅಮೆರಿಕದವರು ಏನು ಮಾಡಿಯಾರು? ಇಟಲಿಯ ಅತಿಥಿಗಳು ಒಳಗೆ ಕೂತಿದ್ದರು. ನೀವು ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಕೊರಳಿಗೆ ಗೈಡಿನ ಕಾರ್ಡು ಹಾಕಿಕೊಂಡು ಹಿಂದಿನಿಂದ ತಳ್ಳುತ್ತಿದ್ದಿರಿ. ಆಗಲೇ ಪಕ್ಕದಲ್ಲಿ ಹೋದ ಬೇಲೂರು ಟ್ಯಾಕ್ಸಿ ಸ್ಟ್ಯಾಂಡಿನವನು ಕಿಟಕಿಯಿಂದ ಕತ್ತು ಹಾಕಿ, “ಏನ್ ಉದಯಣ್ಣ, ಯಜಮಾನ್ತಿ ಓಡ್ಸೋದು, ನೀವ್ ತಳ್ಳೋದಾ?” ಅಂದ. ಆ ಮಾತು ಮುಳ್ಳಿನಂತೆ ಒಳಗೆ ಮುರಿದುಕೊಂಡಿತು. ಮನೆಗೆ ಬಂದು, ಗಾಡಿ ಬೇಕೋ ನಾನು ಬೇಕೋ ಹೇಳು ಅಂತ ಅಂಗಳದಲ್ಲಿ ನಿಂತು ಕೇಳಿದಿರಿ. ನಾನು ಬಾಯಿ ತೆರೆಯುವ ಮೊದಲೇ, ಎಂದಿನಂತೆ ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದ ನಿಮ್ಮಮ್ಮ, “ಗಾಡಿ ಇರ್ಲಿ ಕಣಪ್ಪ, ನಾಳೆ ಸಂತೆಗೋಗ್ಬೇಕು” ಅಂದರು. ನಾನು ನಕ್ಕೆ. ನೀವು ಬ್ಯಾಗು ತೆಗೆದುಕೊಂಡು ಬೇಲೂರು ಬಸ್ಸು ಹತ್ತಿದಿರಿ. ಹೆತ್ತವರು ಹೇಳಿದ್ದಕ್ಕೆ ಕಟ್ಟಿಕೊಂಡವಳಿಗೆ ಶಿಕ್ಷೆ!

ಈಗ ನಿನ್ನೆಯ ಮಹಾಪ್ರಕರಣಕ್ಕೆ ಬರುತ್ತೇನೆ.

ಮಗನ ಫೋನ್ ಕೇಳಿದ ಮೇಲೆ ನಿಮ್ಮಮ್ಮ, ಇದನ್ನ ಮನುಷ್ಯರು ತೀರ್ಮಾನ ಮಾಡೋಕಾಗಲ್ಲ ಎಂದು ನನ್ನನ್ನು ಕಣಕಟ್ಟೆಯ ಆಚೆಯ ತಮ್ಮ ತವರಿಗೆ ಹೊರಡಿಸಿದರು. ಕೆರೆಕೋಡಿಯಮ್ಮನ ಅಡ್ಡೆ ನಿಮಗೆ ಗೊತ್ತಲ್ಲ, ಎರಡು ಉದ್ದನೆಯ ಕೋಲುಗಳ ಮೇಲೆ ಅಮ್ಮನನ್ನು ಕೂರಿಸಿ, ಹೆಗಲ ಮೇಲೆ ಹೊತ್ತು ಪ್ರಶ್ನೆ ಕೇಳುವುದು. ಮುಂದೆ ನಡೆದರೆ ಹೌದು, ಹಿಂದೆ ಸರಿದರೆ ಬೇಡ. ನಿಮ್ಮಮ್ಮ ಕೈಮುಗಿದು, “ನನ್ನವ್ವಾ, ಗಾಡಿ ಮನೇಲಿರ್ಬೇಕಾ, ಹೋಗ್ಬೇಕಾ?” ಅಂದರು. ಪೂಜಾರಿ ಹುಚ್ಚಣ್ಣ ಸಿಡುಕಿದರು: “ಒಂದೇ ಉಸ್ರಿಗೆ ಎರಡು ಕೇಳ್ಬ್ಯಾಡ ರುದ್ರಮ್ಮಾ, ಅಮ್ಮ ಯಾವ್ದುಕ್ಕೆ ಅಂತ ಹೇಳ್ತಾಳೆ?”

ಅವರು ಹೇಳಿದ್ದೇ ನಿಜವಾಯಿತು. ಅಡ್ಡೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅಡ್ಡಡ್ಡ ಓಡಿ ಬಂದು ನಮ್ಮ ಟವೇರಾದ ಹಿಂಬಾಗಿಲಿಗೆ ಢಂ ಎಂದು ಗುದ್ದಿತು. ಕೋಲಿನ ಮುಂದಿನ ತುದಿ ಹೊತ್ತಿದ್ದ ಭೀಮರಾಜ್ ಏದುಸಿರು ಬಿಡುತ್ತ, “ಅಮ್ಮ ಗಾಡಿ ಹತ್ಬೇಕಂತಾವ್ಳೆ!” ಎಂದು ಘೋಷಿಸಿದ. ಜನ ಉಧೋ ಎಂದರು. ಒಬ್ಬ ಹಿರಿಯರಿಗೆ ಮಾತ್ರ ಅನುಮಾನ ಬಂತು, “ಹೆಂಗ್ಸು ಓಡ್ಸೋ ಗಾಡೀಲಿ ದೇವ್ರು ಕೂರ್ಸೋದಾ?” ಹುಚ್ಚಣ್ಣ ಅವರ ಕಡೆ ತಿರುಗಿ, “ಅಮ್ಮ ಏನ್ಲಾ, ಗಂಡ್ಸಾ?” ಎಂದರು. ಅಲ್ಲಿಗೆ ಧರ್ಮಜಿಜ್ಞಾಸೆ ಮುಗಿಯಿತು.

ಹಿಂದಿನ ಸೀಟು ಮಡಚಿ ಅಮ್ಮನನ್ನು ಕೂರಿಸಿದೆವು. ಕೋಲುಗಳು ಹಿಂಬಾಗಿಲಿನಿಂದ ಆಚೆ ಚಾಚಿಕೊಂಡವು. ಕಬ್ಬಿಣದ ಸರಳು ಸಾಗಿಸುವವರು ಕಟ್ಟುವ ಹಾಗೆ ತುದಿಗೆ ಕೆಂಪು ಬಟ್ಟೆ ಕಟ್ಟಿದ ಭೀಮರಾಜ್ ಮತ್ತು ಅವನ ಕಡೆಯವರು ಆಚೀಚೆ ಅಂಟಿ ಕೂತರು. ಮುಂದಿನ ಸೀಟನ್ನು ಹುಚ್ಚಣ್ಣನಿಗೆ ಬಿಟ್ಟುಕೊಡಿ ಎಂದರೆ ನಿಮ್ಮಮ್ಮ ಒಪ್ಪಲಿಲ್ಲ. ಊರಾಚೆಯ ಕೂಡುರಸ್ತೆಯಲ್ಲಿ ಇಳಿಸಿ, ಹೆಗಲಿಗೇರಿಸಿ, ಯಾವ ಕಡೆಗವ್ವಾ ಅಂತ ಕೇಳಿದರು. ಅಮ್ಮ ಅರಸೀಕೆರೆಯ ಕಡೆ ಬಾಗಿದಳು. ಅರಸೀಕೆರೆಯಲ್ಲಿ ಮತ್ತೆ ಇಳಿಸಿದರು. ಟೀ ಆಯಿತು. ಅಲ್ಲಿಂದ ಜಾವಗಲ್, ಹಳೇಬೀಡು, ಬೇಲೂರು. ದೈವಚಿತ್ತ, ನಾವು ಹುಲುಮಾನವರು, ಕೇಳುವುದಕ್ಕೆ ಯಾರು? ಕೊನೆಗೆ ಗಾಡಿ ನಿಂತದ್ದು ನೀವು ಬಾಡಿಗೆಗಿರುವ ಮನೆಯ ಬಾಗಿಲಿಗೆ.

ಬಾಗಿಲಿಗೆ ಬೀಗ! ದೇವರು ಬಂದ ದಿನವೇ ಭಕ್ತ ನಾಪತ್ತೆ.

ಮನೆಯ ಒಡತಿ ಲಲಿತಮ್ಮ ಆರತಿ ತಟ್ಟೆ ಹಿಡಿದು ಓಡಿ ಬಂದರು. “ಅಯ್ಯೋ ತಾಯೀ, ನೀನೇ ಬಂದ್ಯಾ? ಮೇಷ್ಟ್ರು ಬೆಂಗ್ಳೂರಿಗೋದ್ರಲ್ಲಾ!” ಎಂದರು. ಗೈಡುಗಳೆಲ್ಲ ಅವರಿಗೆ ಮೇಷ್ಟ್ರೇ. ಗಾಡಿ ಮಾರುವ ಮಾತುಕತೆಗೆ ಹೋಗಿದ್ದೀರೇನೋ ಎಂದುಕೊಂಡೆ. ಆದರೆ ಅವರು ಮುಂದುವರಿಸಿದರು: “ಯಾವ್ದೋ ಗಾಡಿ ಲೈಟು ಹುಡ್ಕಕ್ಕೆ. ಹೋದ ಸಲಾನೂ ಹೋಗಿದ್ರು. ಗುಜ್ರಿ ಅಂಗ್ಡಿ ಎಲ್ಲಾ ತಿರ್ಗಿ ಸಾಕಾಯ್ತು ಲಲಿತಮ್ಮ ಅಂತ ಕಾಲು ಒತ್ಕೊಂಡು ಕೂತಿದ್ರು ಪಾಪ.” ಕಿಟಕಿ ತೆರೆದಿತ್ತು. ಇಣುಕಿದೆ. ಮಂಚದ ಪಕ್ಕ ಪೇಪರು ಹಾಸಿ, ಅದರ ಮೇಲೆ ಟವೇರಾದ ಹಿಂದಿನ ಲೈಟು ಇಟ್ಟಿದ್ದಿರಿ. ಒಂದಲ್ಲ, ಎರಡು.

ಮಂಡಿಯ ಹತ್ತಿರ ಕೊಬ್ಬರಿ ಲಾರಿಯೊಂದು ಹಿಂದಕ್ಕೆ ಬಂದು ನಮ್ಮ ಗಾಡಿಯ ಲೈಟು ಒಡೆದದ್ದು ನೀವು ಹೋದ ಮೇಲೆ. ನಾನು ನಿಮಗೆ ಹೇಳಿರಲಿಲ್ಲ. ಸ್ಪೀಕರಿನವರು ಹೇಳಿರಬೇಕು. ಒಡೆದದ್ದು ಎಡಗಡೆಯದು. ನೀವು ಹುಡುಕಿ ತಂದಿಟ್ಟುಕೊಂಡಿರುವ ಎರಡೂ ಬಲಗಡೆಯವು. ಹೇಗಾಯಿತೆಂದು ದಾರಿಯುದ್ದಕ್ಕೂ ಯೋಚಿಸಿ ಕಂಡುಹಿಡಿದೆ. ದೇವರ ಎಡ ಎಂದರೆ ನಮಗೆ ಬಲ ಎಂದು ಪ್ರವಾಸಿಗರಿಗೆ ಬೆಳಗಿನಿಂದ ಸಂಜೆಯವರೆಗೆ ಹೇಳಿ ಹೇಳಿ, ಗಾಡಿಯನ್ನೂ ವಿಗ್ರಹದಂತೆ ಎದುರಿಗೆ ನಿಲ್ಲಿಸಿಕೊಂಡು ಲೆಕ್ಕ ಹಾಕಿ, ಎಡವನ್ನು ಬಲ ಮಾಡಿಕೊಂಡಿದ್ದೀರಿ. ಇಂಥ ತಪ್ಪನ್ನು ಇಡೀ ಲೋಕದಲ್ಲಿ ನೀವೊಬ್ಬರೇ ಮಾಡಬಲ್ಲಿರಿ. ಕಿಟಕಿಯ ಹತ್ತಿರ ನಿಂತಾಗಲೇ ನಗು ಬಂದಿತ್ತು. ಹುಚ್ಚಣ್ಣ ಮಂಗಳಾರತಿ ಎತ್ತಿದರು. ಆಮೇಲೆ ನಗು ಬರಲಿಲ್ಲ.

ಬಂದಿದ್ದನ್ನು ಹೇಳಬೇಡಿ ಎಂದು ಲಲಿತಮ್ಮನವರಿಗೆ ಹೇಳಿ ಬಂದೆ. ಅವರಿಗೆ ಹಾಗೆ ಹೇಳುವುದೆಂದರೆ ಕೈಗೆ ಮೈಕ್ ಕೊಟ್ಟ ಹಾಗೆ. ಈ ಕಾಗದಕ್ಕಿಂತ ಮುಂಚೆ ಸುದ್ದಿ ನಿಮಗೆ ಮುಟ್ಟಿರುತ್ತದೆ. ಆದರೆ ನನ್ನ ಪ್ರಶ್ನೆ ಮುಟ್ಟಿರುವುದಿಲ್ಲ. ಅದನ್ನು ಕೇಳಲು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ಅಂಗಳಕ್ಕೆ ಹೋಗಿ ಗಾಡಿ ಒರೆಸಿದೆ, ಒಳಗೆ ಬಂದೆ. ಮತ್ತೆ ಹೋಗಿ ಸುಮ್ಮನೆ ಸ್ಟಾರ್ಟ್ ಮಾಡಿ ಆಫ್ ಮಾಡಿದೆ. “ಎಲ್ಲಿಗಾರ ಹೋಗು, ಇಲ್ಲಾ ಸುಮ್ನೆ ಕೂರು. ನಿನ್ನಿಂದ ನಂಗೆ ತಲೆ ತಿರುಗ್ತೈತೆ” ಎಂದರು ನಿಮ್ಮಮ್ಮ.

ಆ ಲೈಟು ಯಾರಿಗಾಗಿ? ಚಿಕ್ಕಮಗಳೂರಿನವರು, ಎಲ್ಲ ಸರಿಯಾಗಿದ್ದರೆ ಕೊಳ್ಳುತ್ತೇವೆ ಅಂದರೇ? ಅಥವಾ ಕತ್ತಲಲ್ಲಿ ರೈಲು ಇಳಿದವರನ್ನು ಕೂರಿಸಿಕೊಂಡು ಒಂದೇ ಲೈಟಿನ ಗಾಡಿಯಲ್ಲಿ ಹೋಗುವ ಹೆಂಗಸೊಬ್ಬಳ ಯೋಚನೆಯೇ? ನೇರವಾಗಿ ಕೇಳಿದ್ದೇನೆ. ಎರಡರಲ್ಲಿ ಯಾವುದಾದರೂ ಸರಿ, ಹೇಳಿಬಿಡಿ. ಗೊತ್ತಿಲ್ಲದೆ ಇರುವುದನ್ನು ಮಾತ್ರ ತಾಳಲಾರೆ.

ಶುಕ್ರವಾರ ಅವರನ್ನು ಕರೆತಂದರೆ ಕೀಲಿ ನಿಮ್ಮಮ್ಮನ ಕೈಯಲ್ಲಿರುತ್ತದೆ. ನಾನು ತಡೆಯುವುದಿಲ್ಲ, ಜಗಳ ಮಾಡುವುದಿಲ್ಲ, ನಗುವುದೂ ಇಲ್ಲ. ಒಬ್ಬರೇ ಬಂದರೆ ಆ ಎರಡು ಲೈಟನ್ನೂ ತನ್ನಿ. ಯಾರಾದರೂ ಟವೇರಾದವರಿಗೆ ಬಲಗಡೆಯದು ಬೇಕಾಗಿರುತ್ತದೆ, ಅವರ ಹತ್ತಿರ ಎಡಗಡೆಯದು ಇರುತ್ತದೆ. ಇಬ್ಬರೂ ಹುಡುಕಿಕೊಂಡು ಹೋಗೋಣ. ನೀವು ಹಿಂದಿನ ಸೀಟಿನಲ್ಲಿ ಕೂರಬೇಕಾಗುತ್ತದೆ, ಮುಂದಿನದು ಯಾರದೆಂದು ಹೇಳಬೇಕಾಗಿಲ್ಲ. ದಾರಿಯಲ್ಲಿ ಇನ್ನೊಮ್ಮೆ ನಿಂತರೆ ಸ್ಟೀರಿಂಗ್ ನೀವು ಹಿಡಿಯಿರಿ, ತಳ್ಳುವುದು ನನಗಿರಲಿ. ಆಗ ಆ ಸ್ಟ್ಯಾಂಡಿನವನು ಏನನ್ನುತ್ತಾನೋ ಇಬ್ಬರೂ ಕೂಡಿ ಕೇಳೋಣ.

ದೇವಿಯೇ ಖುದ್ದಾಗಿ ನಿಮ್ಮ ಹೊಸ್ತಿಲಿಗೆ ಬಂದು ಹೋಗಿದ್ದಾಳೆ ಎಂಬುದನ್ನು ಮರೆಯಬೇಡಿ. ಅಮ್ಮನ ಮಾತು ಮೀರಿದವರಿಗೆ ಒಳ್ಳೆಯದಾಗಿಲ್ಲವೆಂದು ಕಣಕಟ್ಟೆಯ ಕಡೆ ಎಲ್ಲರೂ ಹೇಳುತ್ತಾರೆ.

ಇಂತಿ,
ಕಾನೂನಿನ ಪ್ರಕಾರ ಇನ್ನೂ ನಿಮ್ಮವಳೇ ಆದ,
ಪ್ರತಿಮಾ

ಮರೆತ ಮಾತು: ಅರಸೀಕೆರೆಯಲ್ಲಿ ಅಮ್ಮನನ್ನು ಇಳಿಸಿದರು ಎಂದೆನಲ್ಲ, ಅಲ್ಲಿ ಅಡ್ಡೆ ಹಿಂದಕ್ಕೆ ಸರಿಯಿತು. ಒಂದು ಸಲವಲ್ಲ, ಕೇಳಿದಷ್ಟು ಸಲವೂ ಸರಿಯಿತು. “ಸಾಕಂತೆ ಕಣಮ್ಮ, ಊರಿಗೆ ತಿರುಗ್ಸು” ಎಂದರು ಹುಚ್ಚಣ್ಣ. ನನಗೆ ಚೆನ್ನಾಗಿ ಕೇಳಿಸಿತು. ಜಾವಗಲ್ ರಸ್ತೆಗೆ ತಿರುಗಿಸಿದವಳು ನಾನು. ಹಿಂದೆ ಎಲ್ಲರೂ ಕೂಗುತ್ತಿದ್ದರು. ನಿಮ್ಮಮ್ಮನಿಗೂ ಎಲ್ಲ ಕೇಳಿಸಿತ್ತು, ಸೆರಗು ಸರಿಮಾಡಿಕೊಂಡು, “ನೀನ್ ನಡಿ” ಅಂದರು.