ಹನ್ನೆರಡನೆಯ ಬಯೋಡೇಟಾ

ಅಮ್ಮಾ,

ಕಂಪನಿಗೆ ಜನರನ್ನು ಆರಿಸುವುದು ನನ್ನ ಕೆಲಸ, ನಿಜ. ಹಾಗೆಂದು ಚಿಕ್ಕಮ್ಮನ ಮಗ, ಪಕ್ಕದ ಮನೆಯವರ ಅಳಿಯ, ನಿನ್ನ ಬಟ್ಟೆ ಹೊಲಿಯುವವಳ ತಮ್ಮ, ಎಲ್ಲರ ಬಯೋಡೇಟಾವನ್ನೂ ನನ್ನ ತಲೆಗೆ ಕಟ್ಟಿದರೆ ಹೇಗೆ? ಈ ತಿಂಗಳೇ ಹನ್ನೊಂದು!

ನೀನು ಕಳಿಸಿದ ಹನ್ನೆರಡನೆಯದೂ ಕೆಲಸಕ್ಕೇ ಇರಬೇಕೆಂದು ಅದರಲ್ಲಿದ್ದವರನ್ನು ನಿನ್ನೆ ಆಫೀಸಿಗೆ ಕರೆಸಿದೆ. "ಹಿಂದಿನ ಕೆಲಸ ಯಾಕೆ ಬಿಟ್ರಿ?" ಎಂದೆ. "ಬಿಟ್ಟಿಲ್ವಲ್ಲ" ಎಂದರು. "ಐದು ವರ್ಷ ಆದ್ಮೇಲೆ ನೀವು ಹೇಗಿರ್ತೀರಿ?" ಎಂದರೆ ನಾಚಿಕೊಂಡರು. ಕೊನೆಗೆ ವಾಡಿಕೆಯಂತೆ, "ನೀವೇನಾದ್ರೂ ಕೇಳೋದಿದ್ಯಾ?" ಎಂದೆ.

"ಗಂಟೆ ಎರಡಾಯ್ತು. ನಿಮ್ಮ ಊಟ ಆಯ್ತಾ?"

ಒಂಬತ್ತು ವರ್ಷದಲ್ಲಿ ನನ್ನೆದುರಿನ ಕುರ್ಚಿಯಲ್ಲಿ ಕೂತ ಯಾರೂ ಇದನ್ನು ಕೇಳಿರಲಿಲ್ಲ.

'ಕೆಲಸದಲ್ಲಿ ಆಸಕ್ತಿ ಇಲ್ಲ' ಎಂದು ಬರೆದು, ಆಯ್ಕೆಯಾಗಿಲ್ಲವೆಂಬ ಪತ್ರ ಕಳಿಸಿ ಮನೆಗೆ ಬಂದರೆ ನಿನ್ನ ಫೋನು: "ಹುಡುಗ ಒಪ್ಪಿಗೆಯಾದ್ನಾ?" ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಇನ್ನು ಮುಂದೆ ಏನೇ ಕಳಿಸಿದರೂ ಕೆಲಸಕ್ಕೋ ಮದುವೆಗೋ ಎಂದು ಮೇಲೆ ದಪ್ಪ ಅಕ್ಷರದಲ್ಲಿ ಬರೆ.

ಆಯ್ಕೆಯಾಗದವರ ವಿವರವನ್ನು ಅಂದೇ ಅಳಿಸಿಹಾಕುವುದು ನಮ್ಮ ನಿಯಮ, ನಾನೇ ಮಾಡಿದ್ದು. ಆದ್ದರಿಂದ ಅವರ ನಂಬರನ್ನು ಇನ್ನೊಮ್ಮೆ ಕಳಿಸು.

ಕೆಲಸಕ್ಕಲ್ಲ.

ನಿನ್ನ ಮಗಳು