ನಲವತ್ತು ಮೇಜು, ನಲವತ್ತು ಬೆಟ್ಟಾ

ನವೆಂಬರ್ 11, 2024, ಸೋಮವಾರ. ಬೆಳಗ್ಗೆ 6.50

ನಲವತ್ತೆರಡು ಬಾಟಲಿಗೂ ನೀರು ಬದಲಿಸಿದೆ. ಬಾಟಲಿಗೊಂದು ಗಂಡು ಬೆಟ್ಟಾ ಮೀನು. ಒಟ್ಟಿಗಿಟ್ಟರೆ ಕಚ್ಚಾಡಿ ಸಾಯುತ್ತವೆ. ದೊಡ್ಡ ತೊಟ್ಟಿಯಲ್ಲಿ ಮರಿಗಳು, ಚೆನ್ನಾಗಿವೆ. ಕೆಂಪು ಗಂಡೊಂದರ ಬಾಲ ಹರಿದಿದೆ — ತಾನೇ ಕಚ್ಚಿಕೊಂಡಿದೆ. ಯಾಕೋ.

ಅಮ್ಮ ಟೆರೇಸಿಗೆ ಬಂದರು. "ತಂಗಿ ಮದ್ವೆಗೆ ಒಂದ್ ತಿಂಗ್ಳಿಲ್ಲ. ನೀನಿನ್ನೂ ಮೀನಿನ ಕಕ್ಕಸು ತೊಳೀತಾ ಕೂತಿದೀಯ."

ಪೀಣ್ಯದ ಬಸ್ ತಪ್ಪಿತು. ಶಿಫ್ಟ್‌ಗೆ ಲೇಟ್.

ನವೆಂಬರ್ 17, ಭಾನುವಾರ

ತಂಗಿ ಮಾನಸಳನ್ನು ಮದುವೆಯಾಗುವ ಅರುಣ್ ಕುಮಾರ್, ಅವನ ಅಕ್ಕ ದಿವ್ಯ — ಕೆಂಗೇರಿಯಿಂದ ಬಂದಿದ್ದರು. ದಿವ್ಯರದು ಮದುವೆ ಡೆಕೊರೇಶನ್ ಕೆಲಸ. ನಮ್ಮ ರಿಸೆಪ್ಷನ್ನೂ ಅವರ ಕೈಯಲ್ಲೇ. ಸೀದಾ ಟೆರೇಸಿಗೆ ಹತ್ತಿದರು.

"ಸಂಪತ್ ಅವ್ರೇ, ಟೇಬಲ್‌ಗೊಂದು ಗಾಜಿನ ಬೌಲ್, ಒಳಗೊಂದು ಬೆಟ್ಟಾ. ಸಖತ್ತಾಗಿ ಕಾಣತ್ತೆ."

"ಬೌಲ್ ಆಗಲ್ಲ ಮೇಡಂ. ಚಿಕ್ಕದು. ನೀರು ಬೇಗ ಕೆಡತ್ತೆ, ಬೇಗ ತಣ್ಣಗಾಗತ್ತೆ. ಸುಸ್ತಾಗ್ತವೆ."

"ಅಯ್ಯೋ, ಅದು ಮೇಲೆ ಬಂದು ಗಾಳಿ ತಗೊಳೋ ಮೀನಲ್ವಾ? ಗದ್ದೆ ನೀರಲ್ಲೇ ಬದುಕತ್ತಂತೆ."

ಗದ್ದೆ ಅಂದರೆ ಬೌಲಲ್ಲ. ಬಾಯಿಗೆ ಬಂತು, ಹೇಳಲಿಲ್ಲ. ಬೀಗರು.

ಅವರು ಕೆಳಗಿಳಿದ ಮೇಲೆ ಮಾನಸ ನನ್ನ ತೋಳು ಹಿಡಿದಳು. "ಮೂರೇ ಗಂಟೆ ಅಣ್ಣ. ಆಮೇಲೆ ಎಲ್ಲಾನೂ ನೀನೇ ವಾಪಸ್ ತಗೊಂಡ್ಹೋಗು. ಪ್ಲೀಸ್ ಕಣೋ."

ಒಪ್ಪಿಕೊಂಡೆ. ನಲವತ್ತು.

ಡಿಸೆಂಬರ್ 7, ಶನಿವಾರ. ಮಧ್ಯಾಹ್ನ 3.00

ಛತ್ರ. ಪಂಚೆ ಉಟ್ಟುಕೊಂಡೇ ಬರೆಯುತ್ತಿದ್ದೇನೆ. ನಲವತ್ತು ಮೀನು, ಕ್ಲೋರಿನ್ ತೆಗೆದ ನೀರು ಆರು ಕ್ಯಾನ್ ತಂದು ದಿವ್ಯರ ಕೆಲಸದ ಹುಡುಗಿಯರಿಗೆ ಒಪ್ಪಿಸಿದೆ. ಈ ನೀರನ್ನೇ ಹಾಕಿ ಎಂದು ಎರಡೆರಡು ಸಲ ಹೇಳಿದೆ. ಒಂಬತ್ತೂವರೆಗೆ ಊಟ ಮುಗಿಯುತ್ತದೆ, ಆಗ ಎತ್ತಿಕೊಳ್ಳುತ್ತೇನೆ. ವಾಪಸ್ ಒಯ್ಯಲು ಖಾಲಿ ಬಾಟಲಿಗಳು ಸ್ಟೋರ್ ರೂಮಿನಲ್ಲಿ ಸಾಲಾಗಿ ಸಿದ್ಧ.

ಡಿಸೆಂಬರ್ 9, ಸೋಮವಾರ

ರಜೆ. ಮದುವೆ ಆಯಿತು. ಬರೆದುಬಿಡಬೇಕು.

ಶನಿವಾರ ಸಂಜೆ ರಿಸೆಪ್ಷನ್ನಿನಲ್ಲಿ ನೋಡಿದರೆ ಕ್ಯಾನಿನ ನೀರು ಕ್ಯಾನಿನಲ್ಲೇ ಇತ್ತು. ಹೊರಲು ಭಾರವಂತೆ. ಛತ್ರದ ನಲ್ಲಿ ನೀರನ್ನೇ ತುಂಬಿದ್ದರು, ಟ್ಯಾಂಕರಿನದು, ಬ್ಲೀಚಿಂಗ್ ವಾಸನೆ. ತಳದಲ್ಲಿ ನೀಲಿ ಜೆಲ್ಲಿ ಮಣಿ, ಅದರ ಕೆಳಗೆ ಲೈಟು. ಏಳನೇ ಮೇಜಿನ ಬೌಲಿನಲ್ಲಿ ಯಾರೋ ಪಲಾವಿನ ಬಟಾಣಿ ಹಾಕಿದ್ದರು. ನಾನು ಸ್ಟೇಜಿನ ಮೇಲೆ, ಬಂದವರಿಗೆಲ್ಲ ಕೈಮುಗಿಯುತ್ತಾ.

ಒಂಬತ್ತಕ್ಕೆ ಮೈಕಿನಲ್ಲಿ ಆಂಕರ್ ಹುಡುಗಿ: "ಪ್ರತಿ ಟೇಬಲ್‌ನ ಲಕ್ಕಿ ಫ್ಯಾಮಿಲಿಗೆ ರಿಟರ್ನ್ ಗಿಫ್ಟ್! ನಿಮ್ಮ ಬೆಟ್ಟಾನ ಮನೆಗೆ ತಗೊಂಡ್ಹೋಗಿ!"

ಚಪ್ಪಾಳೆ. ಮಕ್ಕಳು ಓಡಿದವು. ಬೌಲುಗಳು ತುಳುಕುತ್ತಾ ಬಾಗಿಲು ದಾಟಿದವು.

ಮಾನಸಳ ಕಡೆ ನೋಡಿದೆ. ಅವಳು ಹಾರ ಸರಿಮಾಡಿಕೊಂಡಳು.

"ಗೊತ್ತಿತ್ತಾ ನಿಂಗೆ?"

"ಈಗ ಬೇಡ ಅಣ್ಣ. ವಿಡಿಯೋ ಆಗ್ತಾ ಇದೆ."

ಗೊತ್ತಿತ್ತು.

ಭಾನುವಾರ ಬೆಳಗ್ಗೆ ಪಾತ್ರೆ ತೊಳೆಯುವಲ್ಲಿ ಒಂಬತ್ತು ಬೌಲ್ ಸಿಕ್ಕವು, ಯಾರೂ ಒಯ್ಯದೆ ಬಿಟ್ಟವು. ಏಳರಲ್ಲಿ ಸತ್ತಿದ್ದವು. ಉಳಿದೆರಡನ್ನು ಬಾಟಲಿಗೆ ಹಾಕಿ ಕಾರಿನಲ್ಲಿಟ್ಟು, ಕೈ ತೊಳೆದು, ಅದೇ ಕೈಯಲ್ಲಿ ತಂಗಿಯ ಬೊಗಸೆಗೆ ಅರಳು ಸುರಿದೆ. ಅಣ್ಣನೇ ಸುರಿಯಬೇಕು.

ಅಮ್ಮ ಇವತ್ತು ಫೋಟೋ ತೋರಿಸಿದರು. "ಎಲ್ಲಾದ್ರಲ್ಲೂ ಮುಖ ಊದಿಸ್ಕೊಂಡಿದೀಯ. ಮೀನಿಗೋಸ್ಕರ."

ಡಿಸೆಂಬರ್ 13, ಶುಕ್ರವಾರ

ಒಯ್ದ ಬೌಲುಗಳ ಕತ್ತಿಗೆ ಬಾಗಿಲಲ್ಲೇ ಚೀಟಿ ಕಟ್ಟಿದ್ದರಂತೆ. 'ಸಂಪತ್, ಬೆಟ್ಟಾ ಬ್ರೀಡರ್', ಕೆಳಗೆ ನನ್ನ ನಂಬರ್. ನನ್ನ ಬಿಸಿನೆಸ್ಸಿಗೆ ಸಹಾಯವಾಗಲಿ ಎಂದು ದಿವ್ಯ ಮಾಡಿದ ಉಪಕಾರ. ನಾಲ್ಕು ದಿನದಲ್ಲಿ ಹದಿನಾರು ಕರೆ.

ಕುರುಬರಹಳ್ಳಿಯ ಆಂಟಿ: "ಅಡ್ಡ ಬಿದ್ದಿದೆಯಪ್ಪ. ನಿದ್ದೆ ಮಾಡ್ತಿದೆಯಾ?"

ರಾಜಾಜಿನಗರದವರು: "ಈಶಾನ್ಯದಲ್ಲೇ ಇಟ್ಟಿದ್ದೆ ಸಾರ್. ಆದ್ರೂ ಹೋಗ್ಬಿಡ್ತು."

ಎಲ್ಲರಿಗೂ ಅದೇ ಹೇಳಿದೆ. ಹದಿನೈದು ಲೀಟರ್ ನೀರು ಬೇಕು, ಮುಚ್ಚಳ ಬೇಕು, ಬೆಚ್ಚಗಿರಬೇಕು. ಬಸವೇಶ್ವರನಗರದ ಒಬ್ಬರು ಪೂರ್ತಿ ಕೇಳಿಸಿಕೊಂಡರು. "ಬೌಲಲ್ಲಿ ಬದುಕಲ್ಲ ಅಂದ್ಮೇಲೆ ಬೌಲಲ್ಲಿ ಯಾಕ್ರೀ ಕೊಟ್ರಿ? ನನ್ ಮಗಳು ಅನಘಾ ಎರಡು ದಿನದಿಂದ ಊಟ ಬಿಟ್ಟಿದಾಳೆ."

ನಾನು ಕೊಡಲಿಲ್ಲ ಎನ್ನಲು ಹೋದೆ. ನನ್ನ ಹೆಸರಿತ್ತಲ್ಲ.

ಡಿಸೆಂಬರ್ 22, ಭಾನುವಾರ

ಮಾನಸಳಿಗೆ ಫೋನ್ ಮಾಡಿದೆ. ಮಾಡಬಾರದಿತ್ತು.

"ವಾಪಸ್ ತಗೊಂಡ್ಹೋಗು ಅಂದಿದ್ದೆ ನೀನು."

"ಎರಡು ದಿನ ಮುಂಚೆ ದಿವ್ಯಕ್ಕ ಡಿಸೈಡ್ ಮಾಡಿದ್ರು. ಹೇಳಿದ್ರೆ ನೀನು ಮೀನೇ ಕೊಡ್ತಿರ್ಲಿಲ್ಲ."

"ಕೊಡ್ತಿರ್ಲಿಲ್ಲ."

"ಅದಕ್ಕೇ ಹೇಳ್ಲಿಲ್ಲ. ಬೌಲ್ ಚಿಕ್ಕದು, ಬೌಲ್ ಚಿಕ್ಕದು... ನಿನ್ ಬಾಟ್ಲಿ ಏನು ಸ್ವಿಮಿಂಗ್ ಪೂಲಾ?"

ಇಟ್ಟುಬಿಟ್ಟಳು.

ಅಳೆದೆ. ಬಾಟಲಿ, ಮುಕ್ಕಾಲು ಲೀಟರ್. ಛತ್ರದಿಂದ ತಂದ ಬೌಲ್, ಒಂದೂವರೆ. ಮತ್ತೊಮ್ಮೆ ಅಳೆದೆ.

ನಾನು ದಿನಾ ನೀರು ಬದಲಿಸುತ್ತೇನೆ, ಮಾರುವವರೆಗೆ ಮಾತ್ರ, ಎಲ್ಲ ಬ್ರೀಡರ್‌ಗಳೂ ಹೀಗೆಯೇ... ಇದನ್ನೆಲ್ಲ ಯಾರಿಗೆ ಬರೆಯುತ್ತಿದ್ದೇನೆ? ಬಾಲ ಯಾಕೆ ಕಚ್ಚಿಕೊಳ್ಳುತ್ತವೆ ಎಂದು ಗೊತ್ತು ನನಗೆ. ನಾಲ್ಕು ವರ್ಷದಲ್ಲಿ ಎಷ್ಟೋ ಜನ ಕೇಳಿದ್ದಾರೆ, ಚಿಕ್ಕ ಬೌಲ್ ಸಾಕಾ ಅಣ್ಣ ಎಂದು. ನಡೆಯುತ್ತೆ ಎಂದಿದ್ದೇನೆ. ಇಲ್ಲವೆಂದರೆ ತೆಗೆದುಕೊಳ್ಳುತ್ತಿರಲಿಲ್ಲ.

ಜನವರಿ 5, 2025, ಭಾನುವಾರ

ಮರಿಗಳು ಬಲಿತಿವೆ, ಕಚ್ಚಾಟ ಶುರು. ಬೇರೆ ಮಾಡಲೇಬೇಕು. ಬಾಟಲಿಗೆ ಹಾಕಲಿಲ್ಲ. ಪೇಂಟರ್ ಮುರುಗೇಶ್ ಇಪ್ಪತ್ತು ಲೀಟರಿನ ಖಾಲಿ ಬಕೆಟ್ ಕೊಟ್ಟ, ಇಪ್ಪತ್ತಮೂರು. ಮೂರು ದಿನ ತಿಕ್ಕಿ ತೊಳೆದು, ಬಕೆಟಿಗೊಂದು ಗಂಡು ಬಿಟ್ಟೆ. ಮಿಕ್ಕ ಗಂಡುಗಳನ್ನು ಟ್ಯಾಂಕ್ ಇರುವವರನ್ನು ಹುಡುಕಿ ಸುಮ್ಮನೆ ಕೊಟ್ಟೆ. ಬಟ್ಟೆ ಒಣಗಿಸಲು ಜಾಗವಿಲ್ಲವೆಂದು ಅಮ್ಮ ಮಾತು ಬಿಟ್ಟಿದ್ದಾರೆ.

ಮಾನಸಳದ್ದೂ ಮಾತಿಲ್ಲ.

ಜನವರಿ 14, ಮಂಗಳವಾರ. ಸಂಜೆ 7.15

ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿ. ಬಾಳೆಹಣ್ಣು ಹಂಚಲು ಮಾನಸ ಒಬ್ಬಳೇ ಬಂದಳು. ಎಳ್ಳು ಕೊಟ್ಟು ಕಾಲಿಗೆ ಬಿದ್ದಳು. ಹಿಂದಿನದೆಲ್ಲ ಮುಗಿಯಿತು ಎಂದುಕೊಂಡೆ. ಆಮೇಲೆ ಟೆರೇಸಿಗೆ ಬಂದು ಬಕೆಟುಗಳನ್ನು ನೋಡಿದಳು.

"ದಿವ್ಯಕ್ಕನಿಗೆ ಫೆಬ್ರವರಿಗೆ ಇಪ್ಪತ್ತು ಬೇಕಂತೆ ಅಣ್ಣ. ಮದ್ವೆ ಪಾರ್ಟಿಯವ್ರಿಗೆ ಮಾತು ಕೊಟ್ಬಿಟ್ಟಿದಾರೆ."

"ನನ್ನ ಕೇಳ್ದೇನೇ?"

"ನಾನೇ ಹೂಂ ಅಂದೆ. ಅಣ್ಣ ನಾನು ಹೇಳಿದ್ರೆ ಕೊಡ್ತಾನೆ ಅಂದೆ." ತಲೆ ಎತ್ತಲಿಲ್ಲ. "ಆ ಮನೇಲಿ ನನ್ನ ಮಾತು ಅಂತ ಒಂದಾದ್ರೂ ನಡೀಲಿ ಅಂತ."

ಅವಳ ಎದುರಿಗೇ ದಿವ್ಯರಿಗೆ ಕರೆ ಮಾಡಿ ಸ್ಪೀಕರ್ ಹಾಕಿದೆ.

"ಕೊಡಲ್ಲ ಮೇಡಂ. ಬೌಲಿಗೆ ಇನ್ನೊಂದೂ ಕೊಡಲ್ಲ. ಮಾನಸ ನನ್ನ ಕೇಳ್ದೇನೇ ಹೂಂ ಅಂದಿದಾಳೆ."

ಸ್ಪೀಕರಿನಲ್ಲಿ ದಿವ್ಯ: "ಓಹ್. ಹಾಗಾದ್ರೆ ಸುಮ್ನೆ ಅಂದಿದ್ಲಾ? ಸರಿ ಬಿಡಿ. ಅವಳ ಹತ್ರಾನೇ ಮಾತಾಡ್ತೀನಿ, ಮನೇಲಿ."

ನನ್ನ ಕೊನೆಯ ಮಾತು ಬೇಕಿರಲಿಲ್ಲ. ಮೀನಿಲ್ಲ ಎಂದಿದ್ದರೂ ಮುಗಿಯುತ್ತಿತ್ತು. ಸುಳ್ಳೇಕೆ, ಹೇಳುವಾಗ ಖುಷಿಯಾಯಿತು.

ಮಾನಸ ಅಳಲಿಲ್ಲ. ಚಪ್ಪಲಿ ಮೆಟ್ಟಿ ಇಳಿದಳು. ಅಮ್ಮ ಎಲೆ ಹಾಕಿದ್ದರು. ಗೇಟಿನವರೆಗೂ ಕರೆಯುತ್ತಾ ಓಡಿದರು.

ಮೂರು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ. ಬಕೆಟು ಬಂದ ಮೇಲೆ ಮೊದಲ ಬಾರಿಗೆ ಅಮ್ಮ ಟೆರೇಸಿಗೆ ಹತ್ತಿ ಬಂದು ನಿಂತರು.

"ಏನಂದ್ಯೋ ಅವಳಿಗೆ?"

ಅವಳಿಗೆ ಏನೂ ಅನ್ನಲಿಲ್ಲಮ್ಮ ಎಂದೆ. ನಿಜವೇ. ನಾನು ಅಂದದ್ದು ದಿವ್ಯರಿಗೆ, ಅವಳು ಕೇಳುವಂತೆ.