ಬಂಡೆಯ ಒಸರಿಗೆ ಗಾರೆ ಮೆತ್ತಿದ ಕೇರಿ

ಗವಿಗುಡ್ಡ ಪಟ್ಟಣ,
ಇಸವಿ ೨೨೯೧, ಹದಿಮೂರನೆಯ ತಿಂಗಳು

ಹಿಂದಿನ ಕಾಲದ ಹಿರಿಯರೇ,

ಈ ಕತೆಯನ್ನು ಮೊದಲು ಹೇಳಿದವಳು ನಮ್ಮ ಪಟ್ಟಣದಲ್ಲಿ ಬಹಳ ಹಿಂದೆ ಬಾಳಿದ ನೀಲವ್ವ. ಬಂಡೆ ಜಾರಿ ಅವಳ ಕೇರಿ ಹೂತುಹೋಗಿ ನಲವತ್ತು ವರ್ಷವಾದ ಮೇಲೆ, ಅದೇ ಗುಡ್ಡದ ಬುಡದಲ್ಲಿ ಮತ್ತೆ ಮನೆ ಕಟ್ಟಿಕೊಂಡು ಮತ್ತೆ ಗಾರೆ ಕಲಸುತ್ತಿದ್ದವರ ಎದುರು ಹೇಳಿದಳು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹದಿಮೂರನೆಯ ತಿಂಗಳೆಂದರೆ ಬೆದರಬೇಡಿ; ಮಳೆಗಾಲ ಎರಡಾದ ಮೇಲೆ ನಾವೊಂದು ತಿಂಗಳು ಸೇರಿಸಿಕೊಂಡೆವು. ನಾನು ಈರಭದ್ರ, ಬೆವರುಗಾವಲಿನವನು. ಬಂಡೆಯಿಂದ ನೀರು ಒಸರುತ್ತಿದೆಯೇ ಎಂದು ದಿನವೂ ಮುಟ್ಟಿ ನೋಡುವುದು, ಒಸರು ನಿಂತರೆ ಕೇರಿ ಖಾಲಿ ಮಾಡಿಸುವುದು ನನ್ನ ಕೆಲಸ. ಮಕ್ಕಳು ಶಾಲೆಗೆ ಹೋಗುವಾಗ ತಾವೂ ಬಂಡೆಗೆ ಅಂಗೈ ಒತ್ತಿ, ಒದ್ದೆ ಕೈಯನ್ನು ಒಬ್ಬರ ಬೆನ್ನಿಗೊಬ್ಬರು ಒರೆಸಿ ಓಡುತ್ತಾರೆ.

ನಿಮ್ಮ ಕಾಲದವರು ಗುಡ್ಡದ ನೆತ್ತಿಯ ದೊಣೆಗಳನ್ನು ಮಣ್ಣಿನಿಂದ ಮುಚ್ಚಿ ಬಡಾವಣೆ ಕಟ್ಟಿದರು. ದೊಣೆಯಲ್ಲಿ ನಿಲ್ಲಬೇಕಾದ ಮಳೆನೀರು ಬಂಡೆಯ ಬಿರುಕಿಗೆ ಇಳಿಯಿತು. ಕೆಳಗೆ ರಸ್ತೆ ಅಗಲಿಸಲು ಬಂಡೆಯ ಪಾದ ಕಡಿದರು. ಅಲ್ಲಿದ್ದ ಕೇರಿಯ ಮನೆಗಳಿಗೆ ಕಟ್ಟಿದ ಗೋಡೆ ಮೂರೇ. ಹಿಂದಿನ ಗೋಡೆ ಬಂಡೆಯೇ. ಅದಕ್ಕೆ ಸುಣ್ಣ ಬಳಿದು, ಮದುವೆಯ ಹಸೆ ಚಿತ್ತಾರ ಬರೆದು, ಮದುಮಕ್ಕಳನ್ನು ಅದರ ಮುಂದೆ ಕೂರಿಸುವುದು ಅವರ ಪದ್ಧತಿ. ಒದ್ದೆ ಬಂಡೆಯ ಮೇಲೆ ಹಸೆ ನಿಲ್ಲದು.

ನೀಲವ್ವನ ಮದುವೆ ಮಳೆಗಾಲದಲ್ಲೇ ಗೊತ್ತಾಯಿತು. ಅವಳ ತಾಯಿ ಯಮನವ್ವ ಒಸರಿಗೆ ಸಿಮೆಂಟು ಮೆತ್ತಲು ಕೂತಾಗ ಪಕ್ಕದ ಮನೆಯ ಸಾಂತವ್ವ ಕಿಚಾಯಿಸಿದಳಂತೆ:

“ಯಕ್ಕಾ, ಮಗಳು ಅಳೂದ್ಕಿಂತ ಮೊದ್ಲ ನಿನ್ನ ಗ್ವಾಡಿನ ಅಳಾಕತ್ತೈತಲ್ಲ.”

“ಹಲ್ಲು ಕಿಸಿಬ್ಯಾಡ. ಇಲ್ಲಿ ಮೆತ್ತಿದ್ರ ನೀರು ನಿಮ್ಮ ಮನ್ಯಾಗ ಬರ್ತೈತಿ. ನೀನೂ ಮೆತ್ತಿಸ್ಕೊ.”

ಹಾಗೇ ಆಯಿತು. ಒಂದು ಮನೆಯಲ್ಲಿ ಮುಚ್ಚಿದರೆ ಪಕ್ಕದ ಮನೆಯಲ್ಲಿ ಚಿಮ್ಮಿತು. ಕೇರಿಯ ಕೊನೆಯವರೆಗೂ ಮೆತ್ತಿದರು. ಗೋಡೆಗಳು ಒಣಗಿ ಬೆಳ್ಳಗಾದವು. ಹೊರಬರಲಾರದ ನೀರು ಬಂಡೆಯ ಬೆನ್ನಿಗೆ ತುಂಬಿಕೊಂಡಿತು.

ಮದುವೆಯ ಮಧ್ಯಾಹ್ನ ನೀಲವ್ವನನ್ನು ಗಂಡನ ಊರಿಗೆ ಕಳಿಸಿಕೊಟ್ಟ ಕೇರಿಯವರು, ಉಂಡ ಎಲೆ ಎತ್ತಿ, ಆ ತಂಪು ಗೋಡೆಗೇ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಬಂಡೆ ಆಗ ಜಾರಿತು. ಸುದ್ದಿ ಕೇಳಿ ಧಾರೆಯ ಸೀರೆಯಲ್ಲೇ ತಿರುಗಿ ಬಂದ ನೀಲವ್ವನಿಗೆ, ತನ್ನ ಮನೆ ಯಾವುದಿತ್ತೆಂದು ಗುರುತು ಹಿಡಿಯಲಾಗಲಿಲ್ಲ. ಅವ್ವನೂ ಸಿಗಲಿಲ್ಲ.

ಈ ಪತ್ರ ತಲುಪುವಾಗ ಆ ಕೇರಿ ಇನ್ನೂ ನಿಂತಿದೆಯೋ ಇಲ್ಲವೋ ನಾನರಿಯೆ. ನಿಂತಿದ್ದರೆ, ದಯಮಾಡಿ ಯಮನವ್ವನ ಕೈಯಿಂದ ಗಾರೆ ಮೆತ್ತುವ ಕರಣೆ ಇಸಿದುಕೊಳ್ಳಿ. ಬೈಯುತ್ತಾಳೆ, ಬೈಸಿಕೊಳ್ಳಿ.

ನಲವತ್ತು ವರ್ಷದ ಮೇಲೆ ನೀಲವ್ವನ ಕತೆ ಕೇಳಿದವರ ಒಂದು ಮನೆಯಲ್ಲಿ ಮರುದಿನ ಮದುವೆಯಿತ್ತು. ಹಸೆ ಬರೆದಾಗಿತ್ತು. ಬೆಳಿಗ್ಗೆ ಎಲ್ಲರೂ ಹಾರೆ, ಉಳಿ ಹಿಡಿದು ಬಂದು ಹಸೆಯ ಸಮೇತ ಗಾರೆ ಕೆತ್ತಿದರು. ನೀರು ಬಾಗಿಲು ದಾಟಿ ಹರಿಯಿತು. ಮದುಮಕ್ಕಳನ್ನು ದೂರದ ಬಯಲಿಗೆ ಕರೆದೊಯ್ದು, ಬೆನ್ನ ಹಿಂದೆ ಯಾವ ಗೋಡೆಯೂ ಇಲ್ಲದೆ ಕೂರಿಸಿದರು.